ಗೋಡೆಯೊಳಗಿನ ಸಮಪಾಲು

"ಇವತ್ತೂ ತೊಂಬತ್ತನಾಲ್ಕೇ," ಎನ್ನುತ್ತಾ ಸೊಸೆ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡಳು.

ಅತ್ತೆ ಬಾಣಲೆಯಲ್ಲಿದ್ದ ಮೊಟ್ಟೆಯನ್ನು ಮಗುಚಿ ಹಾಕಿದರು. "ದಿನಾ ಜ್ವರ ನೋಡಿ ಹೇಳೋ ಹಾಗೆ ಹೇಳ್ತೀಯಲ್ಲೇ. ಎಷ್ಟಿರಬೇಕಿತ್ತು?"

"ಎರಡು ಸಾವಿರದ ಮೇಲೆ."

"ಹಾಗಿದ್ರೆ ಇದು ಜ್ವರ ಅಲ್ಲ, ಮೈಯೇ ತಣ್ಣಗಾಗಿದೆ. ತಿನ್ನು ಮೊದಲು."

ಸೊಸೆಯ ಕೆಲಸ ಹಳೆಯ ಸಿನಿಮಾಗಳ ಗಾಯ ಒರೆಸುವುದು. ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿದು ಕೂತಿದ್ದ ರೀಲುಗಳನ್ನು ಸಂಗ್ರಹಾಲಯದವರು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ ಕೊಡುತ್ತಿದ್ದರು. ಅವುಗಳ ಗೀರು, ಧೂಳು, ಕಲೆಗಳನ್ನು ಅವಳು ಕಂಪ್ಯೂಟರಿನಲ್ಲಿ ತೆಗೆಯುತ್ತಿದ್ದಳು. ಎಂದೋ ತೀರಿಹೋದ ನಟಿಯೊಬ್ಬಳ ಕೆನ್ನೆಯ ಮೇಲಿಂದ ಒಂದು ಗೀರು ಅಳಿಸಿದರೆ ಆ ನಟಿ ಶಾಪ ಕಳೆದು ಕಣ್ಣುಬಿಟ್ಟಂತೆ ಕಾಣುತ್ತಿದ್ದಳು. ಈಗ ಊರಿನಲ್ಲಿದ್ದ ಆ ಕೆಲಸದ ಕೋಣೆಯನ್ನು ಸಂಗ್ರಹಾಲಯ ಮುಚ್ಚುತ್ತಿತ್ತು. ಇನ್ನು ಮುಂದೆ ಮನೆಯಲ್ಲೇ ಕೂತು ಮಾಡಬಹುದು. ಆದರೆ ಒಂದೊಂದು ರೀಲೂ ಆನೆ ಭಾರದ ಫೈಲು. ಅದನ್ನು ಎಳೆದುಕೊಳ್ಳಲು ಸೆಕೆಂಡಿಗೆ ಎರಡು ಸಾವಿರ ಮೆಗಾಬಿಟ್ ಮೀರಿದ ವೇಗ ಬೇಕು, ಅದೂ ತಂತಿಯ ಮೂಲಕವೇ, ಅದೂ ಬೀಗ ಹಾಕುವ ಕತ್ತಲ ಕೋಣೆಯಲ್ಲಿ. ತಿಂಗಳ ಕೊನೆಯ ಗುರುವಾರ ಸಂಗ್ರಹಾಲಯದವರೇ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಸೋತವರು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಹೋಗಬೇಕಾದ ಮುಖ್ಯ ಕಟ್ಟಡಕ್ಕೆ ಸೇರಿಕೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು.

ಗಂಡ ಲಾರಿ ಡ್ರೈವರು, ಮನೆಯಲ್ಲಿದ್ದುದಕ್ಕಿಂತ ರಸ್ತೆಯಲ್ಲಿದ್ದುದೇ ಹೆಚ್ಚು. ಮಗಳಿಗೆ ಏಳು ವರ್ಷ, ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಸೊಸೆ ದೂರ ಹೋದರೆ ಗುಬ್ಬಿ ಯಾರ ಜೊತೆ ಇರಬೇಕು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಗುಬ್ಬಿ ಮಾತ್ರ ತನ್ನ ಸ್ವೆಟರುಗಳನ್ನು ಒಂದು ಚೀಲಕ್ಕೆ ತುಂಬಿ, ಮತ್ತೆ ಹೊರಗೆ ತೆಗೆದು, ಮತ್ತೆ ತುಂಬುತ್ತಿದ್ದಳು.

ಬೀದಿಯಿಂದ ಇಂಟರ್ನೆಟ್ಟಿನ ಹೊಸ ಗಾಜಿನ ಎಳೆ ಮನೆಯೊಳಗೆ ಬಂದಿತ್ತು. ಮುಂದಿನ ಹಾಲ್‌ನಲ್ಲಿ ಅದರ ಹೊಸ ಡಬ್ಬಿ ಮಿನುಗುತ್ತಿತ್ತು. ಕಂಪ್ಯೂಟರಿಗೆ ಹೊಸ ಕಾರ್ಡು, ಗೋಡೆಯ ಸಾಕೆಟ್ಟಿನಿಂದ ಮೇಜಿಗೆ ಹೊಸ ತಂತಿಯ ಬಳ್ಳಿ, ಎಲ್ಲ ಆಗಿತ್ತು. ಆದರೂ ಮನೆಯ ಹಿಂಭಾಗದ ಅವಳ ಕೋಣೆಯಲ್ಲಿ ಅದೇ ತೊಂಬತ್ತನಾಲ್ಕು. ಏಳು ಸಮುದ್ರ ದಾಟಿ ಬಂದ ರಾಜಕುಮಾರ ಮನೆಯ ಹೊಸ್ತಿಲಲ್ಲಿ ಎಡವಿ ಬಿದ್ದಂತಾಗಿತ್ತು.

"ಅವಳದ್ದು ಒಂದು ಗಂಟೆ ನಿಲ್ಲಿಸಿ ನೋಡಬಹುದಾ?" ಎಂದಳು ಸೊಸೆ ಮೊಟ್ಟೆಯನ್ನು ಚುಚ್ಚುತ್ತಾ. ಅವಳದ್ದು ಎಂದರೆ ನಾದಿನಿಯದು. ಗಂಡನ ತಂಗಿ, ಮದುವೆಯಾಗದವಳು, ಪಕ್ಕದ ಕೋಣೆಯಲ್ಲಿ ಕೂತು ಕಿವುಡರಿಗೆ ದುಭಾಷಿಯ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಯಿಂದಲೋ ಕೋರ್ಟಿನಿಂದಲೋ ವಿಡಿಯೋ ಕರೆ ಬರುತ್ತಿತ್ತು. ಅಲ್ಲಿನವರ ಮಾತನ್ನು ಇವಳು ಕೈಸನ್ನೆಗೆ ತಿರುಗಿಸುತ್ತಿದ್ದಳು, ಸನ್ನೆಯನ್ನು ಮಾತಿಗೆ ತರುತ್ತಿದ್ದಳು.

ನಾದಿನಿ ಅಷ್ಟರಲ್ಲೇ ಚಹಾ ಲೋಟ ತೊಳೆಯಲು ಒಳಗೆ ಬಂದಿದ್ದಳು. "ನನ್ನ ಹೆಸರು ಹೇಳೋಕೂ ಬರಲ್ವಾ ಅತ್ತಿಗೆ? ನಿಲ್ಲಿಸ್ತೀನಿ. ಹತ್ತು ಗಂಟೆಗೆ ಮೊದಲು ನಿಲ್ಲಿಸ್ತೀನಿ, ಆಮೇಲೆ ಆಗಲ್ಲ."

"ನಾನೇನು ನಿನ್ನ ಮೇಲೆ ಹೇಳ್ಲಿಲ್ಲ."

"ಮೇಲೆ ಹೇಳ್ಲಿಲ್ಲ, ಪಕ್ಕದಲ್ಲಿ ಹೇಳಿದ್ರಿ."

ಅವಳು ನಿಲ್ಲಿಸಿದಳು. ಸೊಸೆ ಪರೀಕ್ಷೆ ಮಾಡಿದಳು. ತೊಂಬತ್ತನಾಲ್ಕು. ನಾದಿನಿ ಬಾಗಿಲಿಗೆ ಒರಗಿ ಆ ಸಂಖ್ಯೆ ನೋಡಿದಳು, ಲೋಟ ಒರೆಸುತ್ತಾ ತನ್ನ ಕೋಣೆಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಮರುವಾರ ಇಂಟರ್ನೆಟ್ ಕಂಪನಿಯವನು ಬಂದ. ತನ್ನ ಮೆಷಿನನ್ನು ಹಾಲ್‌ನಲ್ಲಿದ್ದ ಡಬ್ಬಿಗೆ ಸಿಕ್ಕಿಸಿ ತೋರಿಸಿದ. ಎರಡು ಸಾವಿರದ ಮುನ್ನೂರು.

"ನೋಡಿ ಮೇಡಂ, ಡಬ್ಬಿ ತನಕ ನಮ್ಮದು. ಅಲ್ಲಿಂದಾಚೆಗೆ ಗೋಡೆಯೊಳಗಿನ ತಂತಿ ಮನೆಯವರದ್ದು. ಅದನ್ನ ಹಾಕಿದವರನ್ನ ಕೇಳಿ."

ಹಾಕಿದವರು ಅಲ್ಲೇ ಸೋಫಾದ ಮೇಲೆ ಪೇಪರು ಓದುತ್ತಿದ್ದರು. ಮಾವ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಈ ಮನೆ ಕಟ್ಟಿಸಿದಾಗ ಒಳಗಿನ ತಂತಿಯನ್ನೆಲ್ಲ ಸ್ವತಃ ಎಳೆದಿದ್ದರು. ಹಾಲ್‌ನ ಗೋಡೆಯಲ್ಲಿ ಎರಡು ಸಾಕೆಟ್ಟು, ಹಿಂದೆ ಮಗನ ಕೋಣೆಗೊಂದು, ಮಗಳ ಕೋಣೆಗೊಂದು. ಹಿಂದಿನ ಎರಡು ಕೋಣೆಗಳಿಗೂ ಮನೆಯ ಮುಂಭಾಗಕ್ಕೂ ನಡುವೆ ಸಿಮೆಂಟು ಹಾಕಿದ ತೆರೆದ ಜಾಗವಿತ್ತು. ತಂತಿ ಅದರಡಿಯಿಂದ ಹೋಗಿತ್ತು. ವೈ-ಫೈ ಎಂಬುದು ಆ ಬಯಲು ದಾಟಿ ದಪ್ಪ ಗೋಡೆ ತೂರಿ ಬರುವಷ್ಟರಲ್ಲಿ ಸುಸ್ತಾಗಿ ಹೋಗುತ್ತಿತ್ತು. ನಾದಿನಿ ಒಮ್ಮೆ ಪ್ರಯತ್ನಿಸಿದ್ದಳು. ಪರದೆಯ ಮೇಲೆ ಅವಳ ಬೆರಳುಗಳು ಅರ್ಧ ಮಾತಿನಲ್ಲಿ ಹೆಪ್ಪುಗಟ್ಟಿದ್ದವು.

"ನನ್ನ ತಂತಿಗೆ ಏನೂ ಆಗಿಲ್ಲ," ಎಂದರು ಮಾವ ಪೇಪರು ಇಳಿಸದೆ.

ಕಂಪನಿಯವನು ಹೋದ ಮೇಲೆ ಅವರು ತಮ್ಮ ಹಳೆಯ ಪರೀಕ್ಷಾ ಯಂತ್ರ ತೆಗೆದು ಎರಡೂ ಕೋಣೆಗಳ ಸಾಕೆಟ್ಟಿಗೆ ಹಿಡಿದರು. ಅದು ಕುಂಯ್ ಎಂದಿತು. "ಕೇಳ್ತಾ? ಲೈನ್ ಜೀವಂತ ಇದೆ. ನಿನ್ನ ಕಂಪ್ಯೂಟರ್ ನೋಡ್ಕೋ."

"ಜೀವ ಇದೆ ಮಾವ, ಶಕ್ತಿ ಇಲ್ಲ."

"ನನಗೂ ಹಾಗೇ ಇದೆ. ನನ್ನನ್ನೂ ಬದಲಾಯಿಸ್ತೀಯಾ?"

ಅತ್ತೆ ಒಳಗಿನಿಂದ, "ಸಿಕ್ಕರೆ ನೋಡು," ಎಂದರು. ಸೊಸೆಗೆ ನಗು ಬರಲಿಲ್ಲ. ಕಳೆದ ಕೆಲವು ದಿನಗಳಿಂದ ಗುಬ್ಬಿಯ ತಲೆ ಬಾಚುವಾಗ ಕೈ ನಡುವೆಯೇ ನಿಂತುಬಿಡುತ್ತಿತ್ತು. "ಅಮ್ಮ, ಒಂದೇ ಕಡೆ ಜಡೆ ಹಾಕಿದ್ದೀಯ," ಎಂದು ಗುಬ್ಬಿ ಶಾಲೆಯ ಗೇಟಿನಿಂದ ವಾಪಸು ಬಂದದ್ದೂ ಉಂಟು.

ಭಾನುವಾರ ಬಟ್ಟೆ ಒಣಗಲು ಹಾಕಿ ಬಂದವಳು ಏನೋ ತೋಚಿದಂತಾಗಿ ಸ್ಕ್ರೂಡ್ರೈವರ್ ತಂದು ತನ್ನ ಕೋಣೆಯ ಸಾಕೆಟ್ಟನ್ನು ಗೋಡೆಯಿಂದ ಬಿಚ್ಚಿದಳು. ಹಿಂದೆ ನಾಲ್ಕೇ ನಾಲ್ಕು ಎಳೆ. ಕಿತ್ತಳೆಯ ಒಂದು ಜೊತೆ, ಹಸಿರಿನ ಒಂದು ಜೊತೆ. ಅಂಗಡಿಯಿಂದ ತಂದ ಹೊಸ ಬಳ್ಳಿಯ ತುದಿಯಲ್ಲಿ ಎಂಟು ಎಳೆಗಳು ಕಾಣುತ್ತಿದ್ದವು. ಅವಳು ಗೋಡೆಯ ತೂತಿಗೆ ಕಣ್ಣಿಟ್ಟು ನೋಡಿದಳು. ಕೇಬಲ್ ಒಂದೇ ಇತ್ತು. ಅದರ ಉಳಿದ ನಾಲ್ಕು ಎಳೆಗಳು, ನೀಲಿ ಮತ್ತು ಕಂದು, ಗೋಡೆಯೊಳಗೇ ತಿರುಗಿ ಆಚೆ ಕಡೆಗೆ, ನಾದಿನಿಯ ಕೋಣೆಗೆ ಹೋಗಿದ್ದವು.

ಆವತ್ತು ಸಂಜೆಯ ಊಟಕ್ಕೆ ಬಟಾಣಿ ಸೂಪು, ಬ್ರೆಡ್ಡು. ಸೊಸೆ ತಟ್ಟೆ ಮುಂದೆ ಸರಿಸಿ ಕೇಳಿದಳು.

"ಮಾವ, ಎರಡು ಕೋಣೆಗೂ ಸೇರಿ ಒಂದೇ ಕೇಬಲ್ ಹಾಕಿದ್ದೀರಾ?"

"ಹೌದು."

"ಎರಡು ಸಾಕೆಟ್ ಇದೆಯಲ್ಲ."

"ಒಂದು ಕೇಬಲ್ಲಲ್ಲಿ ನಾಲ್ಕು ಜೊತೆ ತಂತಿ ಇರುತ್ತೆ. ಟೆಲಿಫೋನಿಗೆ ಒಂದು ಜೊತೆ ಸಾಕು. ನಾನು ಎರಡು ಜೊತೆ ಮಗನಿಗೆ, ಎರಡು ಜೊತೆ ಮಗಳಿಗೆ ಕೊಟ್ಟೆ. ಕಂಪ್ಯೂಟರಿಗೂ ಆವತ್ತು ಅಷ್ಟೇ ಬೇಕಿತ್ತು. ನೀನು ಬರೋಕೆ ಮೊದಲಿಂದ ಎರಡು ಕೋಣೇಲೂ ಚೆನ್ನಾಗಿ ನಡೀತಿತ್ತು."

"ಈಗಿನ ವೇಗಕ್ಕೆ ನಾಲ್ಕೂ ಜೊತೆ ಬೇಕು ಮಾವ. ಅರ್ಧ ಕೇಬಲ್ಲಲ್ಲಿ ನೂರರ ಮೇಲೆ ಏರೋದೇ ಇಲ್ಲ. ಅದಕ್ಕೇ ತೊಂಬತ್ತನಾಲ್ಕು."

"ಅಂದರೆ?" ಎಂದಳು ನಾದಿನಿ. ಬ್ರೆಡ್ಡು ಅದ್ದಿದ ಕೈ ಬಟ್ಟಲಿನಲ್ಲೇ ನಿಂತಿತ್ತು. "ನನ್ನದನ್ನ ಕಿತ್ತು ನಿಮಗೆ ಕೊಡಬೇಕು ಅಂತನಾ?"

ಗುಬ್ಬಿ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

"ಹೊಸ ಕೇಬಲ್ ಎಳೆಯೋಣ," ಎಂದರು ಅತ್ತೆ.

"ಪೈಪಿನಲ್ಲಿ ಹಾಕಿದ್ದರೆ ಎಳೀಬಹುದಿತ್ತು. ಹಾಕಿಲ್ಲ," ಎಂದರು ಮಾವ. "ಇಲಿ ಮುಟ್ಟಬಾರದು ಅಂತ ಜಲ್ಲಿ ಜೊತೆಗೇ ಹೂತಿದ್ದೀನಿ. ನೆಲ ಒಡೀಬೇಕು."

"ಎಂಥ ಬುದ್ಧಿ ನಿಮ್ಮದು. ಇಲಿ ಮುಟ್ಟಬಾರದು ಅಂತ ಮನುಷ್ಯರೂ ಮುಟ್ಟದ ಹಾಗೆ ಮಾಡಿದ್ರಿ."

"ಪರೀಕ್ಷೆ ಈ ಗುರುವಾರ," ಎಂದಳು ಸೊಸೆ. ಅವಳ ದನಿ ತೆಳ್ಳಗಾಗಿತ್ತು. "ನೆಲ ಒಡೆಸೋಕೆ ಅವರೂ ಇಲ್ಲ, ಲಾರಿ ತಗೊಂಡು ವಾಪಸು ಬರೋದೇ ಮುಂದಿನ ತಿಂಗಳು."

ಮಾವ ಚಮಚ ಕೆಳಗಿಟ್ಟರು. "ಈ ಬೀದಿಯಲ್ಲಿ ಯಾರ ಮನೇಲೂ ಹೆಣ್ಣುಮಗಳ ಕೋಣೆಗೆ ಲೈನ್ ಇರಲಿಲ್ಲ, ಕೇಳಿ ನೋಡು. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ ಅಂತ ಅಳೆದು ಹಾಕಿದ್ದೀನಿ. ನಾನು ಕೊಟ್ಟಿದ್ದನ್ನ ನಾನೇ ಕೀಳಲ್ಲ." ಅವರು ಎದ್ದು ಬಟ್ಟಲು ತೊಳೆದಿಟ್ಟು ಹೊರಗೆ ಹೋದರು. ಅವರು ತಮ್ಮ ಬಟ್ಟಲು ತಾವೇ ತೊಳೆದರೆ ಸಿಟ್ಟು ಬಂದಿದೆ ಎಂದೇ ಅರ್ಥ.

ರಾತ್ರಿ ಅವಳು ಕಳಿಸಿದ್ದ ಸಂದೇಶ ಓದಿ ಸೋಮವಾರ ಬೆಳಿಗ್ಗೆ ಗಂಡ ಫೋನು ಮಾಡಿದ. ಹಿನ್ನೆಲೆಯಲ್ಲಿ ಹಾರನ್ನುಗಳು.

"ತಂಗಿಗೆ ನಾನು ಹೇಳ್ಲಾ?"

"ಬೇಡ. ನೀವು ಹೇಳಿದ್ರೆ ಅಣ್ಣ ಅತ್ತಿಗೆ ಸೇರಿ ಹೊರಗೆ ಹಾಕಿದ ಹಾಗಿರುತ್ತೆ."

"ಹಾಗಾದ್ರೆ ಏನು ಮಾಡ್ತೀಯ?"

"ಗೊತ್ತಿಲ್ಲ. ನೀವು ರಸ್ತೆ ನೋಡಿ ಓಡಿಸಿ."

ಮಧ್ಯಾಹ್ನ ನಾದಿನಿಯ ಕರೆಗಳ ನಡುವಿನ ಬಿಡುವಿನಲ್ಲಿ ಸೊಸೆ ಅವಳ ಬಾಗಿಲು ತಟ್ಟಿದಳು. ನಾದಿನಿ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ದಿನವೆಲ್ಲ ಸನ್ನೆ ಮಾಡಿದರೆ ಅಲ್ಲಿ ನೋಯುತ್ತಿತ್ತು.

"ಕೂತ್ಕೊಳ್ಳಿ. ಕೇಳೋಕೆ ಬಂದಿದ್ದೀರಿ ಅಂತ ಗೊತ್ತು."

"ಕೀಳೋದಲ್ಲ," ಎಂದಳು ಸೊಸೆ ನಿಂತೇ. "ಓದಿ ನೋಡ್ದೆ. ನಾಲ್ಕೂ ಜೊತೆಯನ್ನ ಒಂದೇ ಸಾಕೆಟ್ಟಿಗೆ ಸೇರಿಸಬೇಕು. ಅಲ್ಲಿ ಸ್ವಿಚ್ ಅಂತ ಒಂದು ಸಣ್ಣ ಡಬ್ಬಿ ಇಟ್ಟರೆ ಅದು ಇಬ್ಬರಿಗೂ ಹಂಚುತ್ತೆ. ಗೋಡೆಗೊಂದು ತೂತು ಕೊರೆದರೆ ಈ ಕೋಣೆಗೂ ಬಳ್ಳಿ ಬರುತ್ತೆ. ನಿನಗೆ ಈಗಿರೋದಕ್ಕಿಂತ ಕಮ್ಮಿ ಆಗಲ್ಲ."

"ಆ ಡಬ್ಬಿ ನಿಮ್ಮ ಕೋಣೇಲಿ ಇರುತ್ತೆ."

"ಹೌದು."

"ನಿಮ್ಮ ಕೋಣೆಗೆ ಬೀಗ ಹಾಕಬೇಕು ಅಂತ ನಿಮ್ಮ ಆಫೀಸಿನ ನಿಯಮ."

"ಹೌದು."

"ಹಾಗಾದ್ರೆ ನೀವು ಪೇಟೆಗೆ ಹೋದಾಗ ಆ ಡಬ್ಬಿ ಕೈಕೊಟ್ಟರೆ, ನಾನು ಒಬ್ಬ ಕಿವುಡನಿಗೆ ಜಡ್ಜ್ ಏನು ಹೇಳಿದ್ರು ಅಂತ ಹೇಳ್ತಿರುವಾಗ ಲೈನ್ ಹೋದರೆ, ನಾನು ನಿಮ್ಮ ಬಾಗಿಲ ಮುಂದೆ ನಿಂತು ಕಾಯಬೇಕು." ಅವಳು ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದಳು. "ನೆಂಟರು ಬಂದಾಗಲೆಲ್ಲ ಈ ಕೋಣೆ ಯಾವಾಗ ಖಾಲಿ ಆಗುತ್ತೆ ಅಂತ ನಗ್ತಾ ಕೇಳ್ತಾರೆ ಅತ್ತಿಗೆ. ನೀವು ಕೇಳಿಲ್ಲ, ನಿಜ. ಆದರೆ ಅಪ್ಪ ಗೋಡೆಯಲ್ಲಿ ನನಗೆ ಅಂತ ಇಟ್ಟಿರೋದು ಇದೊಂದೇ."

ಸೊಸೆ ಮಂಚದ ಅಂಚಿನಲ್ಲಿ ಕೂತಳು.

"ಒಂದು ಮಾಡಿ," ಎಂದಳು ನಾದಿನಿ ಬಾಟಲಿ ಪಕ್ಕಕ್ಕಿಟ್ಟು. "ನಾಲ್ಕೂ ಜೊತೆ ನನ್ನ ಸಾಕೆಟ್ಟಿಗೆ ಬರಲಿ. ಡಬ್ಬಿ ನನ್ನ ಕೋಣೇಲಿ ಇರಲಿ. ತೂತಿನಿಂದ ಬಳ್ಳಿ ನಿಮ್ಮ ಕಡೆಗೆ ಬರಲಿ. ನಿಮಗೆ ವೇಗ ಅಷ್ಟೇ ಬರುತ್ತಲ್ಲ?"

"ಬರುತ್ತೆ."

"ಮತ್ತೆ?"

ಸೊಸೆ ನಡುವಿನ ಗೋಡೆಯನ್ನು ನೋಡಿದಳು. ತನ್ನ ಕೆಲಸ, ಗುಬ್ಬಿಯ ಶಾಲೆ, ಈ ಮನೆಯಲ್ಲಿನ ತನ್ನ ಇರವು, ಎಲ್ಲವೂ ಇನ್ನೊಬ್ಬಳ ಮೇಜಿನ ಮೇಲಿನ ಒಂದು ಪ್ಲಗ್ಗಿಗೆ ನೇತುಬಿದ್ದಂತಾಗುತ್ತದೆ. ಕಥೆಯ ರಾಕ್ಷಸನ ಪ್ರಾಣ ದೂರದ ಗಿಳಿಯೊಳಗೆ ಇದ್ದಂತೆ.

"ನಿನಗೆ ನನ್ನ ಮೇಲೆ ಸಿಟ್ಟು ಬಂದು ಪ್ಲಗ್ ಕಿತ್ತುಬಿಟ್ಟರೆ?"

"ಕೀಳಬಹುದು," ಎಂದಳು ನಾದಿನಿ. "ಇಷ್ಟು ವರ್ಷದಲ್ಲಿ ಕೀಳೋಕೆ ಬೇಕಾದಷ್ಟು ಕಾರಣ ಕೊಟ್ಟಿದ್ದೀರಿ. ಯೋಚನೆ ಮಾಡಿ ಹೇಳಿ. ನನಗೆ ಕರೆ ಬರ್ತಿದೆ."

ಸೊಸೆ ಆ ದಿನವೆಲ್ಲ ಯೋಚಿಸಿದಳು. ಆಲೂಗಡ್ಡೆ ಸುಲಿಯುತ್ತಾ, ಇಸ್ತ್ರಿ ಮಾಡುತ್ತಾ, ಗುಬ್ಬಿಯ ಮಗ್ಗಿ ಕೇಳುತ್ತಾ ಯೋಚಿಸಿದಳು. ಮಂಗಳವಾರ ತಿಂಡಿಯ ಹೊತ್ತಿಗೆ ಮಾವನ ಎದುರಿಗೇ ಹೇಳಿದಳು. "ಡಬ್ಬಿ ಅವಳ ಕೋಣೇಲೇ ಇರಲಿ ಮಾವ. ಪೂರ್ತಿ ಕೇಬಲ್ ಅವಳಿಗೆ. ನಾನು ಅವಳಿಂದ ತಗೋತೀನಿ."

ಮಾವ ಸೊಸೆಯನ್ನು ನೋಡಿದರು, ಮಗಳನ್ನು ನೋಡಿದರು. ಯಾರಾದರೂ ತಮಾಷೆ ಮಾಡುತ್ತಿದ್ದಾರೇನೋ ಎಂಬಂತೆ ಹೆಂಡತಿಯನ್ನೂ ನೋಡಿದರು.

"ಇವಳು ಒಪ್ಪಿದ್ದಾಳಾ?"

"ಇವಳೇ ಹೇಳಿದ್ದು," ಎಂದರು ಅತ್ತೆ. "ಎಲ್ಲರೂ ಒಪ್ಪಿದ್ದಾಗಿದೆ. ಈ ಮನೇಲಿ ಇನ್ನು ಒಪ್ಪಬೇಕಾದದ್ದು ನಿಮ್ಮ ಗೋಡೆ ಒಂದೇ."

ಬುಧವಾರ ಮಾವ ಇಕ್ಕಳ ಹಿಡಿದು ಕೂತರು. ಅರ್ಧಕ್ಕೆ ಹಂಚಿದ್ದನ್ನು ಎರಡೂ ತುದಿಯಲ್ಲಿ ಒಂದು ಮಾಡಬೇಕಿತ್ತು. ಮೊದಲು ಹಾಲ್‌ನಲ್ಲಿ, ಆಮೇಲೆ ನಾದಿನಿಯ ಕೋಣೆಯಲ್ಲಿ. ಬಣ್ಣ ಮಾಸಿದ ಎಳೆಗಳಲ್ಲಿ ಅವರಿಗೆ ಕಂದು ಯಾವುದು ಕಿತ್ತಳೆ ಯಾವುದು ತಿಳಿಯುತ್ತಿರಲಿಲ್ಲ. ಅತ್ತೆ ಟಾರ್ಚು ಹಿಡಿದು ಪಕ್ಕದಲ್ಲಿ ಕೂತರು.

"ಇದು?"

"ಕಂದು."

"ಕಿತ್ತಳೆ ಥರ ಕಾಣುತ್ತಲ್ಲ."

"ನಲವತ್ತು ವರ್ಷದಿಂದ ನನ್ನ ಕಂದು ಸೀರೆನ ಕೆಂಪು ಅಂತಿದ್ದೀರಿ. ಸುಮ್ನೆ ಹೇಳಿದ್ದು ಕೇಳಿ."

ಅವರು ಒಂದೊಂದೇ ಎಳೆಯನ್ನು ಒತ್ತಿ ಕೂರಿಸಿದರು. ನಡುಗೋಡೆಗೆ ತೂತು ಕೊರೆದು, ನಾದಿನಿಯ ಮೇಜಿನ ಮೇಲಿಟ್ಟ ಸ್ವಿಚ್ ಡಬ್ಬಿಯಿಂದ ಸೊಸೆಯ ಕಡೆಗೆ ಬಳ್ಳಿ ಎಳೆದರು. ಕೆಲಸ ಮುಗಿದಾಗ ಹಾಲ್‌ನ ಎರಡನೆಯ ಸಾಕೆಟ್ಟು ಖಾಲಿ ಬಾಯಿ ತೆರೆದುಕೊಂಡು ಉಳಿಯಿತು. ಮಾವ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. "ಸಮವಾಗಿ ಹಂಚಿದ್ದೆ," ಎಂದರು ಯಾರಿಗೂ ಅಲ್ಲ ಎಂಬಂತೆ. ಆವತ್ತು ಸಂಜೆ ಪರೀಕ್ಷಿಸಿದಾಗ ಸಂಖ್ಯೆ ಎರಡು ಸಾವಿರ ದಾಟಿತು. ಸೊಸೆ ಗುಬ್ಬಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು.

ಗುರುವಾರ ಮಧ್ಯಾಹ್ನ ಸಂಗ್ರಹಾಲಯದ ಪರೀಕ್ಷಕ ಫೋನಿನಲ್ಲಿ ಬಂದ. "ಒಂದು ರೀಲು ಕಳಿಸ್ತೀನಿ. ಅದು ಪೂರ್ತಿ ಬರೋ ತನಕ ಎರಡು ಸಾವಿರದ ಕೆಳಗೆ ಇಳೀಬಾರದು. ಶುರು ಮಾಡ್ಲಾ?"

"ಮಾಡಿ."

ಪರದೆಯ ಮೇಲೆ ಸಂಖ್ಯೆ ಮೂಡಿತು. ತೊಂಬತ್ತನಾಲ್ಕು.

ಮೊದಲು ತಲೆಗೆ ಬಂದದ್ದು ನಾದಿನಿಯ ಮಾತೇ. ಕೀಳಬಹುದು. "ಒಂದು ನಿಮಿಷ ಸರ್," ಎಂದು ಫೋನು ಹಿಡಿದೇ ಹೊರಗೆ ಓಡಿ ಪಕ್ಕದ ಬಾಗಿಲು ನೂಕಿದಳು. ಬಾಯಲ್ಲಿ ಮಾತು ಸಿದ್ಧವಾಗಿತ್ತು.

ನಾದಿನಿ ಕರೆಯಲ್ಲಿದ್ದಳು. ಪರದೆಯ ಒಂದು ಕಡೆ ಆಸ್ಪತ್ರೆಯ ಡಾಕ್ಟರು, ಇನ್ನೊಂದು ಕಡೆ ತಲೆಗೆ ವಸ್ತ್ರ ಕಟ್ಟಿಕೊಂಡ ಒಬ್ಬ ಹೆಂಗಸು. ಡಾಕ್ಟರು ನಿಧಾನವಾಗಿ ಏನೋ ಹೇಳುತ್ತಿದ್ದರು. ಆ ಹೆಂಗಸು ಡಾಕ್ಟರನ್ನು ನೋಡುತ್ತಿರಲಿಲ್ಲ, ನಾದಿನಿಯ ಕೈಗಳನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಡಬ್ಬಿ ಮೇಜಿನ ಮೂಲೆಯಲ್ಲಿ ಇಟ್ಟಂತೆಯೇ ಇತ್ತು. ಪ್ಲಗ್ಗು ಪ್ಲಗ್ಗಿನ ಜಾಗದಲ್ಲೇ ಇತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ.

ಸೊಸೆ ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡಳು. ಹಾಲ್‌ಗೆ ಬಂದಾಗ, ಅವಳ ಓಟದ ಸದ್ದು ಕೇಳಿದ್ದ ಮಾವ ಆಗಲೇ ಸಾಕೆಟ್ಟಿನ ಮುಂದೆ ಮೊಣಕಾಲೂರಿ ಕನ್ನಡಕ ಏರಿಸಿದ್ದರು.

"ಒಂದು ಎಳೆ ಸಡಿಲ ಆಗಿದೆ. ನಿನ್ನೆ ಸರಿಯಾಗಿ ಕಚ್ಚಿಲ್ಲ. ಒಂದು ಜೊತೆ ಸತ್ತರೂ ಇದು ಹಳೇ ವೇಗಕ್ಕೆ ಇಳಿಯುತ್ತೆ ಅಂತ ನೀನೇ ಹೇಳಿದ್ದೆಯಲ್ಲ." ಇಕ್ಕಳ ಕೈಯಲ್ಲಿತ್ತು. "ತೆಗೆದು ಒತ್ತಿಬಿಡ್ತೀನಿ. ಎರಡೇ ನಿಮಿಷ."

"ತೆಗೆದರೆ ಅವಳ ಲೈನೂ ಹೋಗುತ್ತಾ?"

"ಈಗ ಎಲ್ಲ ಒಂದೇ ಅಲ್ವಾ. ಹೋಗುತ್ತೆ."

ಕಿವಿಯ ಹತ್ತಿರ ಪರೀಕ್ಷಕ, "ಮೇಡಂ, ತೊಂಬತ್ತನಾಲ್ಕು ತೋರಿಸ್ತಿದೆ. ಬರೆದುಕೊಳ್ಳಲಾ?" ಎನ್ನುತ್ತಿದ್ದ.

"ಬರೀಬೇಡಿ ಸರ್. ಒಂದು ಎಳೆ ಬಿಟ್ಟಿದೆ. ಸರಿ ಮಾಡ್ತೀವಿ, ಆದರೆ ಸ್ವಲ್ಪ ಕಾಯಬೇಕು."

"ನನ್ನ ಹತ್ತಿರ ಇನ್ನೂ ಮನೆಗಳಿವೆ. ಸಂಜೆ ಮುಚ್ಚೋಕೆ ಮೊದಲು ಸಮಯ ಉಳಿದರೆ ಮಾಡ್ತೀನಿ. ಉಳೀಲಿಲ್ಲ ಅಂದ್ರೆ ಇದೇ ಲೆಕ್ಕ." ಫೋನು ನಿಂತಿತು.

"ಒತ್ತಲಾ?" ಎಂದರು ಮಾವ.

"ಬೇಡ. ಅವಳು ಮಾತು ಮುಗಿಸಲಿ."

"ಎಷ್ಟು ಹೊತ್ತಾಗುತ್ತೋ ಏನೋ."

"ಆಗಲಿ."

ಅತ್ತೆ ಚಹಾ ತಂದಿಟ್ಟರು. ಯಾರೂ ಮುಟ್ಟಲಿಲ್ಲ, ಚಹಾದ ಮೇಲೆ ಕೆನೆ ಕಟ್ಟಿತು. ಗುಬ್ಬಿ ಶಾಲೆಯಿಂದ ಬಂದು ಎಲ್ಲರೂ ನೆಲದ ಮೇಲೆ ಕೂತಿರುವುದನ್ನು ಕಂಡು ತಾನೂ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಕೂತಳು. ಬಿಸಿಲು ಕಿಟಕಿಯಿಂದ ಗೋಡೆಗೆ ಏರಿತು. ಸೊಸೆ ಆ ಬಿಸಿಲನ್ನೇ ನೋಡುತ್ತಾ, ದೂರದ ಕಟ್ಟಡದಲ್ಲಿ ತನಗೆ ಕೊಡಬಹುದಾದ ಕೋಣೆಯನ್ನು, ಅದರಲ್ಲಿ ಒಂದೇ ಒಂದು ಮಂಚವನ್ನು ಕಣ್ಣಮುಂದೆ ತಂದುಕೊಂಡಳು.

ಕೊನೆಗೆ ನಾದಿನಿ ಬಯಲು ದಾಟಿ ಬಂದಳು. ಮಣಿಕಟ್ಟು ಹಿಸುಕಿಕೊಳ್ಳುತ್ತಿದ್ದಳು. "ಯಾಕೆ ಎಲ್ಲರೂ ಹೀಗೆ? ಪರೀಕ್ಷೆ ಆಯ್ತಾ?"

"ಒತ್ತಿ ಮಾವ," ಎಂದಳು ಸೊಸೆ.

ಮಾವ ಇಕ್ಕಳ ಎತ್ತಿದರು. ಅತ್ತೆ ಟಾರ್ಚು ಹಿಡಿದರು. ನಾದಿನಿಗೆ ವಿಷಯ ತಿಳಿಯಿತು. ಅವಳು ಸೊಸೆಯನ್ನು ನೋಡಿದಳು. "ಅಷ್ಟು ಹೊತ್ತಿಂದ ಕಾಯ್ತಿದ್ರಾ? ಬಂದು ಒಂದು ಸನ್ನೆ ಮಾಡೋದಲ್ವಾ?"

"ನನಗೆ ನಿನ್ನ ಸನ್ನೆ ಎಲ್ಲಿ ಬರುತ್ತೆ."

ಪರೀಕ್ಷಕ ಅವಳ ಆರನೆಯ ಕರೆಗೆ ಫೋನೆತ್ತಿದ. ಬೇಸರದಿಂದಲೇ, "ಕೊನೇದು ನಿಮ್ಮದು, ಬೇಗ," ಎಂದ. ಸೊಸೆ ಕತ್ತಲ ಕೋಣೆಗೆ ಹೋಗಿ ಕೂತಳು. ಸಂಖ್ಯೆ ಮೇಲೇರತೊಡಗಿತು. ಎರಡು ಸಾವಿರದ ಮುನ್ನೂರಕ್ಕೆ ಹೋಗಿ ನಿಂತಿತು.

ಆಗ ಗೋಡೆಯ ಆಚೆ ನಾದಿನಿಗೆ ಮತ್ತೊಂದು ಕರೆ ಬಂದ ಗಂಟೆ ಕೇಳಿಸಿತು. ತೂತಿನ ಹತ್ತಿರ ಅವಳ ದನಿ. "ಅತ್ತಿಗೆ, ಎತ್ತಿಕೊಳ್ಳಲಾ? ನಿಮ್ಮದು ಮುಗಿಯೋ ತನಕ ಬಿಡ್ತೀನಿ ಬೇಕಾದ್ರೆ."

ಸೊಸೆ ಸಂಖ್ಯೆಯನ್ನು ನೋಡಿದಳು. ಗಂಟೆ ಬಡಿಯುತ್ತಲೇ ಇತ್ತು.

"ಎತ್ತಿಕೋ," ಎಂದಳು.

ಸಂಖ್ಯೆ ಅಲ್ಲಾಡಿತು. ಸ್ವಲ್ಪ ಕೆಳಗಿಳಿಯಿತು, ಇನ್ನೂ ಸ್ವಲ್ಪ ಇಳಿಯಿತು, ಎರಡು ಸಾವಿರದ ಇನ್ನೂರ ತೊಂಬತ್ತರ ಆಸುಪಾಸಿನಲ್ಲಿ ನಿಂತಿತು. ರೀಲು ಬರುತ್ತಲೇ ಇತ್ತು. ಅದು ಪೂರ್ತಿ ಬಂದ ಮೇಲೆ ಪರೀಕ್ಷಕ ಫೋನಿನಲ್ಲಿ ಆಕಳಿಸಿ, "ಆಯ್ತು, ಸೋಮವಾರ ಮೊದಲ ಕೆಲಸ ಕಳಿಸ್ತೀವಿ," ಎಂದು ಇಟ್ಟುಬಿಟ್ಟ. ಅವಳು ತಕ್ಷಣ ಏಳಲಿಲ್ಲ. ಸಂಖ್ಯೆಯಲ್ಲಿ ಇಳಿದಷ್ಟು ವೇಗ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿತ್ತು. ಗೋಡೆಯ ಆಚೆ ಅಂಗೈಗೆ ಅಂಗೈ ತಾಗುವ ಸಣ್ಣ ಸದ್ದು ಕೇಳಿಸುತ್ತಿತ್ತು, ಯಾರಿಗೋ ಯಾರೋ ಏನೋ ಹೇಳುತ್ತಿದ್ದರು.